ಯಾರಿಗೆ ಯಾವ ಆಲ್ಬಂ? ತುಮಕೂರು ರೈಲಿನಿಂದ ತೇರಹಳ್ಳಿ ಬೆಟ್ಟದವರೆಗೆ

"ಒಂದು ಒಳ್ಳೆ ಆಲ್ಬಂ ಹೇಳಿ" ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: "ಎಲ್ಲಿ ಕೂತು ಕೇಳ್ತೀರಾ?" ಯಾವ ಗಾಯಕ ಇಷ್ಟ, ಯಾವ ರಾಗ ಇಷ್ಟ ಅಂತ ಮೊದಲು ಕೇಳಬೇಕಲ್ವಾ ಅನ್ನುತ್ತಾರೆ. ಅದು ಆಮೇಲೆ. ದಿನಾ ಬೆಳಿಗ್ಗೆ ರೈಲಿನಲ್ಲಿ ನಿಂತು ಬೆಂಗಳೂರಿಗೆ ಹೋಗುವವರ ಕಿವಿಗೆ ಸಿಗುವುದೇ ಬೇರೆ, ರಾತ್ರಿ ಊಟ ಮುಗಿಸಿ ಮನೆಯಲ್ಲಿ ಫ್ಯಾನ್ ಆರಿಸಿ ಕೂತವರಿಗೆ ಸಿಗುವುದೇ ಬೇರೆ. ಆಲ್ಬಂ ಅದೇ ಇದ್ದರೂ ಒಬ್ಬರು ಆಹಾ ಅನ್ನುತ್ತಾರೆ, ಇನ್ನೊಬ್ಬರು ಎರಡನೇ ಹಾಡಿಗೇ ಬಿಟ್ಟುಬಿಡುತ್ತಾರೆ.

ನಮ್ಮದೊಂದು ಸಣ್ಣ ಗುಂಪಿದೆ. ತುಮಕೂರಿನವರೇ ಜಾಸ್ತಿ, ಕೋಲಾರ ಮತ್ತು ಚಿಕ್ಕಬಳ್ಳಾಪುರದ ಕಡೆಯ ಕೆಲವರೂ ಇದ್ದಾರೆ. ಈಗ ಏನು ಕೇಳುತ್ತಿದ್ದೀರಿ ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ಬಿಟ್ಟರೆ ಅಲ್ಲಿ ಬೇರೆ ಕೆಲಸ ಇಲ್ಲ. ಜಗಳ ಹತ್ತುವುದು ಯಾವಾಗಲೂ "ಯಾವುದು ಶ್ರೇಷ್ಠ" ಅನ್ನುವ ವಿಷಯಕ್ಕೇ. ಇಲ್ಲಿ ಆ ಜಗಳ ಬೇಡ. ಗುಂಪಿನಲ್ಲಿ ಈಚೆಗೆ ಓಡಾಡಿದ ಕೆಲವು ಆಲ್ಬಂಗಳನ್ನು ಅಕ್ಕಪಕ್ಕ ಇಟ್ಟು, ಯಾವುದು ಯಾರಿಗೆ, ಯಾವ ಹೊತ್ತಿಗೆ ಅಂತ ನೋಡೋಣ.

ರೈಲಿನವರಿಗೆ, ಬಸ್ಸಿನವರಿಗೆ

ತುಮಕೂರಿನಿಂದ ಬೆಂಗಳೂರು ಸುಮಾರು 70 ಕಿಲೋಮೀಟರ್. ಕೋಲಾರದಿಂದಲೂ ಹೆಚ್ಚುಕಡಿಮೆ ಅಷ್ಟೇ, ಚಿಕ್ಕಬಳ್ಳಾಪುರದಿಂದ ಸ್ವಲ್ಪ ಕಡಿಮೆ. ಮೂರೂ ಊರಿನವರಿಗೆ ಒಂದು ಆಲ್ಬಂ ಪೂರ್ತಿ ಕೇಳುವಷ್ಟು ಸಮಯ ದಾರಿಯಲ್ಲೇ ಸಿಗುತ್ತದೆ. ಹಳೆಯ ಎಲ್‌ಪಿ (ಗ್ರಾಮಫೋನ್) ತಟ್ಟೆಯ ಒಂದು ಮಗ್ಗುಲಿಗೆ 20ರಿಂದ 22 ನಿಮಿಷ ಹಿಡಿಯುತ್ತಿತ್ತು. ಹಾಗಾಗಿ ಆ ಕಾಲದ ಆಲ್ಬಂಗಳು ಬಹುತೇಕ 40, 45 ನಿಮಿಷದವು. ತುಮಕೂರಿನಲ್ಲಿ ಹತ್ತಿ ಕ್ಯಾತ್ಸಂದ್ರ ದಾಟುವ ಹೊತ್ತಿಗೆ ಶುರು ಮಾಡಿದರೂ ಯಶವಂತಪುರ ಬರುವ ಮೊದಲೇ ಮುಗಿಯುತ್ತದೆ. ಇಷ್ಟವಾದ ಹಾಡನ್ನು ಇನ್ನೊಂದು ಸಲ ಹಾಕಿಕೊಳ್ಳಬಹುದು.

ಸಮಯದ ತೊಂದರೆ ಇಲ್ಲ ಅಂದಮೇಲೆ ಉಳಿಯುವುದು ಸದ್ದು. ಚಕ್ರದ ಗಡಗಡ, ಎಂಜಿನ್ನಿನ ಗುಂಯ್, ಇವೆಲ್ಲ ತಗ್ಗಿನ ದನಿಗಳು. ಸಂಗೀತದಲ್ಲಿ ಮೊದಲು ಮುಳುಗುವುದೂ ತಗ್ಗಿನ ದನಿಯೇ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಎರಡು ಆಲ್ಬಂ ನೋಡಿ.

ಒಂದು, ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ'. 1959ರಲ್ಲಿ ಬಂದದ್ದು. ಐದೇ ತುಣುಕು, ಸುಮಾರು 45 ನಿಮಿಷ. ಎರಡೇ ದಿನದಲ್ಲಿ ರೆಕಾರ್ಡ್ ಮಾಡಿದರು, ಒಂದು ದಿನ ಮಾರ್ಚ್‌ನಲ್ಲಿ, ಇನ್ನೊಂದು ಏಪ್ರಿಲ್‌ನಲ್ಲಿ. ಪೂರ್ತಿ ಬರೆದಿಟ್ಟ ಸಂಗೀತ ಅಲ್ಲ ಅದು. ಇಂತಿಂಥ ಸ್ವರಗಳ ಸಾಲು ಅಂತ ಒಂದು ಗೆರೆ ಹಾಕಿಕೊಟ್ಟು, ಅದರೊಳಗೆ ನುಡಿಸಿ ಅಂತ ಬಿಟ್ಟರು. ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಜಾಝ್ ಹಾದಿಯಲ್ಲಿ ಮೊದಲ ಮೆಟ್ಟಿಲು ಇದೇ ಅಂತ ನಾನು ಯಾವಾಗಲೂ ಹೇಳುತ್ತೇನೆ. ಆದರೆ ಬಸ್ಸಿನಲ್ಲಿ ಅಲ್ಲ! ಮೊದಲ ತುಣುಕು ಶುರುವಾಗುವುದೇ ಪಿಯಾನೋ ಮತ್ತು ಬಾಸ್ (ತಗ್ಗಿನ ದನಿಯ ದೊಡ್ಡ ತಂತಿವಾದ್ಯ) ಮೆಲ್ಲಗೆ ಮಾತಾಡಿಕೊಳ್ಳುವುದರಿಂದ. ಆಮೇಲೆ ಮುಖ್ಯ ಸಾಲನ್ನು ನುಡಿಸುವುದೂ ಬಾಸ್. ಕೋಲಾರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರಿಗೆ ಅಲ್ಲಿ ಏನೂ ಕೇಳುವುದಿಲ್ಲ. ವಾಲ್ಯೂಮ್ ಏರಿಸುತ್ತಾರೆ, ಅಷ್ಟರಲ್ಲಿ ಟ್ರಂಪೆಟ್ ಬಂದು ಕಿವಿಗೆ ಹೊಡೆಯುತ್ತದೆ.

ಇನ್ನೊಂದು, 1967ರ 'ಕಾಲ್ ಆಫ್ ದಿ ವ್ಯಾಲಿ'. ಶಿವಕುಮಾರ್ ಶರ್ಮಾ ಅವರ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಅವರ ಬಾನ್ಸುರಿ (ಕೊಳಲು), ಬ್ರಿಜ್ ಭೂಷಣ್ ಕಾಬ್ರಾ ಅವರ ಗಿಟಾರ್. ಕಾಶ್ಮೀರದ ಕುರಿ ಕಾಯುವವನೊಬ್ಬನ ಒಂದು ದಿನವನ್ನು ರಾಗಗಳಲ್ಲಿ ಹೇಳುತ್ತಾರೆ. ಬೆಳಗಿಗೆ ಆಹಿರ್ ಭೈರವ್, ಕೊನೆಗೆ ಪಹಾಡಿ. ಸಂತೂರಿನ ತಂತಿಗೆ ಕಡ್ಡಿ ಬಿದ್ದಾಗ ಬರುವ ಟಿಣ್ ಅನ್ನುವ ದನಿ, ಕೊಳಲಿನ ಮೇಲಿನ ಸ್ವರ, ಇವು ರೈಲಿನ ಸದ್ದನ್ನು ಸೀಳಿಕೊಂಡು ಬರುತ್ತವೆ. ಬೆಳಗಿನ ರೈಲಿಗೆ ಇದೇ ಸರಿ. ಹೀರೇಹಳ್ಳಿ ಆಚೆ ಹೊಲಗಳ ಮೇಲೆ ಬಿಸಿಲು ಬೀಳುವ ಹೊತ್ತಿಗೆ ಆಹಿರ್ ಭೈರವ್ ಇದ್ದರೆ ಬೇರೆ ಏನು ಬೇಕು? ಸಂಜೆ ವಾಪಸ್ ಬರುವಾಗ ಎರಡನೇ ಮಗ್ಗುಲು ಮಾತ್ರ ಹಾಕಿಕೊಳ್ಳಿ. ಅಲ್ಲಿ ಸಂಜೆ, ರಾತ್ರಿಯ ರಾಗಗಳಾದ ಭೂಪ್, ದೇಸ್ ಇವೆ.

ಎರಡರಲ್ಲಿ ಒಂದನ್ನೇ ಆರಿಸಿ ಅಂದರೆ ಪ್ರಯಾಣಕ್ಕೆ ಸಂತೂರ್, ಮನೆಗೆ ಮೈಲ್ಸ್. ಸದ್ದು ತಡೆಯುವ ದುಬಾರಿ ಹೆಡ್‌ಫೋನ್ ಇದ್ದವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ ಅನ್ನಬಹುದು. ಸರಿ. ಆದರೆ ಮುಂದಿನ ಸ್ಟೇಷನ್ ಯಾವುದು ಅಂತ ಪಕ್ಕದವರು ಕೇಳಿದ್ದೂ ಅವರಿಗೆ ಕೇಳಿಸುವುದಿಲ್ಲ.

ಮೂರನೆಯದಾಗಿ ಇಳಯರಾಜ ಅವರ 'ಹೌ ಟು ನೇಮ್ ಇಟ್?' ಕೂಡ ಇದೇ ಪಟ್ಟಿಗೆ ಸೇರಬೇಕು. 1986ರದ್ದು. ತ್ಯಾಗರಾಜರಿಗೂ ಜರ್ಮನಿಯ ಸಂಗೀತಕಾರ ಬಾಖ್‌ಗೂ ಒಟ್ಟಿಗೆ ಅರ್ಪಿಸಿದ ಆಲ್ಬಂ. ಪಿಟೀಲುಗಳೇ ತುಂಬಿರುವುದರಿಂದ ಬಸ್ಸಿನಲ್ಲೂ ನಡೆಯುತ್ತದೆ, ಮನೆಯಲ್ಲೂ ನಡೆಯುತ್ತದೆ. ರಾಗ ಗೊತ್ತಿಲ್ಲ, ಜಾಝ್ ಗೊತ್ತಿಲ್ಲ, ಆದರೆ ಸಿನಿಮಾ ಹಾಡು ಗೊತ್ತು ಅನ್ನುವವರಿಗೆ ನಾನು ಮೊದಲು ಕೊಡುವುದು ಇದನ್ನೇ.

ಹಳೆಯ ಶಕ್ತಿ, ಹೊಸ ಶಕ್ತಿ

ನಮ್ಮ ಗುಂಪಿನಲ್ಲಿ ಇನ್ನೂ ಮುಗಿಯದ ಮಾತು ಇದು. ಜಾಝ್ ಮತ್ತು ಭಾರತೀಯ ಸಂಗೀತ ಬೆರೆಸಿದ 'ಶಕ್ತಿ' ತಂಡದ ಮೊದಲ ಆಲ್ಬಂ ಒಂದು ಕಡೆ, 2023ರ 'ದಿಸ್ ಮೊಮೆಂಟ್' ಇನ್ನೊಂದು ಕಡೆ.

ಮೊದಲನೆಯದು 1975ರಲ್ಲಿ ಅಮೆರಿಕದ ಒಂದು ಕಾಲೇಜಿನಲ್ಲಿ ನಡೆದ ಕಛೇರಿಯ ರೆಕಾರ್ಡಿಂಗ್. ಜಾನ್ ಮೆಕ್‌ಲಾಫ್ಲಿನ್ ಅವರ ಗಿಟಾರ್, ಎಲ್. ಶಂಕರ್ ಅವರ ಪಿಟೀಲು, ಜಾಕಿರ್ ಹುಸೇನ್ ಅವರ ತಬಲಾ, ವಿಕ್ಕು ವಿನಾಯಕರಾಂ ಅವರ ಘಟ, ರಾಮನಾಡ್ ರಾಘವನ್ ಅವರ ಮೃದಂಗ. ಇಡೀ ಆಲ್ಬಂನಲ್ಲಿ ಮೂರೇ ತುಣುಕು. ಮೊದಲನೆಯದು 18 ನಿಮಿಷ, ಎರಡನೆಯದು ಐದಕ್ಕಿಂತ ಕಡಿಮೆ, ಮೂರನೆಯದು ಹತ್ತಿರ ಹತ್ತಿರ ಅರ್ಧ ಗಂಟೆ. ಉಸಿರು ಬಿಡಲು ಜಾಗ ಕೊಡುವುದಿಲ್ಲ. ಗಿಟಾರ್ ಮತ್ತು ಪಿಟೀಲು ಓಟಕ್ಕೆ ಬಿದ್ದಾಗ ತಾಳ ಹಿಡಿಯುವ ಕೈ ಸೋತುಹೋಗುತ್ತದೆ. ನಮ್ಮ ಕಡೆ ರಾಮನವಮಿ ಪೆಂಡಾಲಿನಲ್ಲಿ ತನಿ ಆವರ್ತನ (ತಾಳವಾದ್ಯದವರು ಮಾತ್ರ ನುಡಿಸುವ ಭಾಗ) ಬಂದಾಗ ಮುಂದಕ್ಕೆ ಬಾಗಿ ಕೂರುವವರಿದ್ದಾರಲ್ಲ, ಇದು ಅವರ ಆಲ್ಬಂ.

'ದಿಸ್ ಮೊಮೆಂಟ್' ಬೇರೆ ಸ್ವಭಾವದ್ದು. ಸ್ಟುಡಿಯೋದಲ್ಲಿ ನಿಧಾನವಾಗಿ ಕಟ್ಟಿದ್ದು. ಶಂಕರ್ ಮಹಾದೇವನ್ ಹಾಡುತ್ತಾರೆ, ಗಣೇಶ್ ರಾಜಗೋಪಾಲನ್ ಪಿಟೀಲು, ಸೆಲ್ವಗಣೇಶ್ ಕಂಜೀರ. ಸೆಲ್ವಗಣೇಶ್ ಅವರು ವಿಕ್ಕು ವಿನಾಯಕರಾಂ ಅವರ ಮಗ. ಅಪ್ಪನ ಜಾಗದಲ್ಲಿ ಮಗ, ಮೆಕ್‌ಲಾಫ್ಲಿನ್ ಮತ್ತು ಜಾಕಿರ್ ಮಾತ್ರ ಅವರೇ. 2024ರ ಫೆಬ್ರುವರಿಯಲ್ಲಿ ಇದಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಜಾಕಿರ್ ಹುಸೇನ್ ತೀರಿಕೊಂಡರು. ಆಮೇಲೆ ಈ ಆಲ್ಬಂ ಕೇಳುವ ರೀತಿಯೇ ಬದಲಾಯಿತು, ಅದು ಬೇರೆ ಮಾತು.

ಯಾವುದನ್ನು ಆರಿಸಬೇಕು? ದನಿ ಇರಬೇಕು, ಸಾಹಿತ್ಯ ಇರಬೇಕು, ಹಾಡು ಆರೇಳು ನಿಮಿಷಕ್ಕೆ ಮುಗಿಯಬೇಕು ಅನ್ನುವವರಿಗೆ ಹೊಸದು. ಲಯದ ಹುಚ್ಚಿದ್ದವರಿಗೆ ಹಳೆಯದು. ನನ್ನ ಮಟ್ಟಿಗೆ ಹಳೆಯದೇ ಮೇಲು. ರೆಕಾರ್ಡಿಂಗ್ ಅಷ್ಟು ನಯವಾಗಿಲ್ಲ, ಆದರೆ ಎದುರಿಗಿದ್ದ ಜನರ ಬಿಸಿ ಅದರಲ್ಲಿದೆ. ಒಂದು ಎಚ್ಚರಿಕೆ: ಮೂರನೇ ತುಣುಕನ್ನು ಅರ್ಧಕ್ಕೆ ನಿಲ್ಲಿಸುವ ಹಾಗಿದ್ದರೆ ಶುರುವೇ ಮಾಡಬೇಡಿ.

ಕನ್ನಡದ ಕ್ಯಾಸೆಟ್ಟುಗಳು

ಬಸ್ಸಿನ ಸದ್ದಿನ ವಿಷಯಕ್ಕೆ ಒಂದು ವಿನಾಯಿತಿ ಇದೆ: ಗೊತ್ತಿರುವ ಭಾಷೆಯ ಹಾಡು. ಸಾಲು ಅರ್ಧ ಕೇಳಿದರೂ ಉಳಿದರ್ಧವನ್ನು ಮನಸ್ಸೇ ತುಂಬಿಕೊಳ್ಳುತ್ತದೆ. ಹಾಗಾಗಿ ಭಾವಗೀತೆಗಳನ್ನು ಎಲ್ಲಿ ಬೇಕಾದರೂ ಕೇಳಬಹುದು.

ಇಲ್ಲಿ ಮೊದಲ ಹೆಸರು 'ನಿತ್ಯೋತ್ಸವ'. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಅವರ ರಾಗ. 1978ರಲ್ಲಿ ಬಂದ ಇದನ್ನು ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಅನ್ನುತ್ತಾರೆ. ನಿಸಾರ್ ಹುಟ್ಟಿದ್ದು ದೇವನಹಳ್ಳಿಯಲ್ಲಿ. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೋಗುವವರು ದಿನಾ ದಾಟುವ ಊರು ಅದು. ಅನಂತಸ್ವಾಮಿ ಅವರ ಗುಣ ಅಂದರೆ ಕವಿತೆಯ ಮೇಲೆ ಕೂರುವುದಿಲ್ಲ. ಮಾತು ಮುಂದೆ, ರಾಗ ಒಂದು ಹೆಜ್ಜೆ ಹಿಂದೆ. ಹಾರ್ಮೋನಿಯಂ ಹಿಡಿದು ನಾಲ್ಕು ಜನ ಒಟ್ಟಿಗೆ ಹಾಡಿಕೊಳ್ಳಬಹುದಾದ ಧಾಟಿ.

ಅದರ ಎದುರಿಗೆ ಸಿ. ಅಶ್ವತ್ಥ್ ಅವರ ಶಿಶುನಾಳ ಶರೀಫರ ಪದಗಳನ್ನು ಇಡಿ. ಅಶ್ವತ್ಥ್ ನಾಟಕದಿಂದ ಬಂದವರು, ಅದು ದನಿಯಲ್ಲೇ ಗೊತ್ತಾಗುತ್ತದೆ. ತಾರಕಕ್ಕೆ ಏರಿ ನಿಂತು ಕೂಗಿ ಹೇಳುತ್ತಾರೆ. ನಿಮ್ಮನ್ನು ಸುಮ್ನೆ ಕೂರಲು ಬಿಡುವುದಿಲ್ಲ. ಕೋಲಾರದವರಿಗೆ ಒಂದು ನೆಂಟಸ್ತಿಕೆ ಹೇಳುತ್ತೇನೆ: ಅಶ್ವತ್ಥ್ ಸ್ವತಂತ್ರವಾಗಿ ಸಂಗೀತ ಕೊಟ್ಟ ಮೊದಲ ಸಿನಿಮಾ 1977ರ 'ಕಾಕನಕೋಟೆ'. ಅದರ ಮೂಲ ಮಾಲೂರು ತಾಲ್ಲೂಕಿನ ಮಾಸ್ತಿಯವರ ನಾಟಕ.

ಅಡುಗೆ ಮನೆಯಲ್ಲಿ ಕೆಲಸ ಮಾಡುತ್ತಾ ಕೇಳಲು, ಮಕ್ಕಳಿಗೆ ಕಲಿಸಲು, ಜ್ವರ ಬಂದು ಮಲಗಿದಾಗ, ನನ್ನ ಆಯ್ಕೆ ಅನಂತಸ್ವಾಮಿ. ರಾತ್ರಿ ಕಾರು ಓಡಿಸುವಾಗ ನಿದ್ದೆ ಬರಬಾರದು ಅಂದರೆ ಅಶ್ವತ್ಥ್. ಇಬ್ಬರನ್ನೂ ಒಂದೇ ಪಟ್ಟಿಗೆ ಹಾಕಿ ಕಲಸಬೇಡಿ. ಅನಂತಸ್ವಾಮಿ ಹಾಡು ಮುಗಿದ ಕೂಡಲೇ ಅಶ್ವತ್ಥ್ ಶುರುವಾದರೆ ಮೊದಲು ಕೇಳಿದ್ದು ಅಳಿಸಿಹೋಗುತ್ತದೆ.

ಶರೀಫರ ಪದಗಳನ್ನು ಇನ್ನೊಂದು ದಾರಿಯಲ್ಲೂ ಕೇಳಬಹುದು. 2008ರ ರಘು ದೀಕ್ಷಿತ್ ಅವರ ಮೊದಲ ಆಲ್ಬಂನಲ್ಲಿ 'ಗುಡುಗುಡಿಯ ಸೇದಿ ನೋಡೋ' ಇದೆ, ಗಿಟಾರ್ ಡ್ರಮ್ಮಿನ ಜೊತೆ. ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಬೆರೆತ ಆಲ್ಬಂ ಅದು. ಕಾಲೇಜು ಹುಡುಗರಿಗೆ ಶರೀಫರ ಹೆಸರು ಹೇಳಬೇಕಾದರೆ ಇಲ್ಲಿಂದ ಶುರು ಮಾಡಿ, ಆಮೇಲೆ ಅಶ್ವತ್ಥ್ ಕಡೆ ಕರೆದುಕೊಂಡು ಹೋಗಿ. ಉಲ್ಟಾ ಮಾಡಿದರೆ "ಇದು ನಮ್ಮ ಅಪ್ಪ ಕೇಳೋದು ಗುರು" ಅಂತ ಎದ್ದು ಹೋಗುತ್ತಾರೆ.

ಹಿರಿಯರಿಗೆ ವಚನ ಬೇಕು ಅಂದರೆ ಮಲ್ಲಿಕಾರ್ಜುನ ಮನ್ಸೂರ್, ದಾಸರ ಪದ ಬೇಕು ಅಂದರೆ ಭೀಮಸೇನ ಜೋಶಿ. ಇಲ್ಲಿ ಹೋಲಿಕೆಗೆ ಕೈ ಹಾಕುವ ಧೈರ್ಯ ನನಗಿಲ್ಲ.

ಸಿನಿಮಾ ಆಲ್ಬಂ ಕೇಳಬೇಕೇ?

ಕೇಳಬೇಕು, ಆದರೆ ಆರಿಸಿ. ಸಿನಿಮಾ ಆಲ್ಬಂಗಳಲ್ಲಿ ಎರಡು ಹಾಡು ಚೆನ್ನಾಗಿದ್ದು ಉಳಿದವು ಜಾಗ ತುಂಬಿಸುವುದೇ ಹೆಚ್ಚು. ಮೊದಲಿನಿಂದ ಕೊನೆಯವರೆಗೆ ಕೂತು ಕೇಳಿಸಿಕೊಳ್ಳುವವು ಕಡಿಮೆ. ನನ್ನ ಲೆಕ್ಕದಲ್ಲಿ 'ಪ್ರೇಮಲೋಕ' ಅಂಥದ್ದು. 1987ರಲ್ಲಿ ಹಂಸಲೇಖ ಮಾತನ್ನೇ ಹಾಡು ಮಾಡಿ ಕೊಟ್ಟರು. ಪರದೆ ಇಲ್ಲದೆ ಕೇಳಿದರೂ ಕಥೆ ಅರ್ಥವಾಗುತ್ತದೆ. 1997ರ 'ನಾಗಮಂಡಲ' ಇನ್ನೊಂದು. ಅದೂ ಅಶ್ವತ್ಥ್ ಅವರದ್ದೇ, ಉತ್ತರ ಕರ್ನಾಟಕದ ಧಾಟಿ ತುಂಬಿದೆ.

ಈಚಿನವುಗಳಲ್ಲಿ ಚರಣ್ ರಾಜ್ ಅವರ 'ಸಪ್ತ ಸಾಗರದಾಚೆ ಎಲ್ಲೋ'. 2023ರಲ್ಲಿ ಸಿನಿಮಾವೇ 'ಸೈಡ್ ಎ', 'ಸೈಡ್ ಬಿ' ಅಂತ ಎರಡು ಭಾಗವಾಗಿ ಬಂತು, ಹಳೆಯ ಕ್ಯಾಸೆಟ್ ತಿರುಗಿಸಿ ಹಾಕಿದ ಹಾಗೆ. ಮಳೆಗಾಲದ ಸಂಜೆಗೆ ಎ ಸಾಕು. ಬಿ ಭಾರ ಜಾಸ್ತಿ.

ಕೋಲಾರದಲ್ಲಿ ಯಾರನ್ನೇ ಕೇಳಿ, 'ಕೆಜಿಎಫ್' ಅನ್ನುತ್ತಾರೆ. 2018ರ ಸಿನಿಮಾ, ರವಿ ಬಸ್ರೂರು ಅವರ ಸಂಗೀತ. ಊರಿನ ಅಭಿಮಾನ ಸಹಜ. 2001ರಲ್ಲಿ ಮುಚ್ಚಿದ ಗಣಿಯ ಹೆಸರು ಮತ್ತೆ ಎಲ್ಲರ ಬಾಯಿಗೆ ಬಂತು. ಚಿತ್ರಮಂದಿರದಲ್ಲಿ ಎದೆ ನಡುಗಿಸುವ ಸಂಗೀತ, ನಿಜ. ಆದರೆ ಆಲ್ಬಂ ಅಂತ ಇಯರ್‌ಫೋನಿನಲ್ಲಿ ಕೇಳಲು ಕೂತರೆ ಎಲ್ಲವೂ ಒಂದೇ ಎತ್ತರದ ಅಬ್ಬರ, ಸ್ವಲ್ಪ ಹೊತ್ತಿಗೇ ಕಿವಿ ದಣಿಯುತ್ತದೆ. ತಾಯಿಯ ಕುರಿತ ಹಾಡುಗಳು ಬಂದಾಗ ಮಾತ್ರ ನಿಂತು ಕೇಳುವ ಹಾಗಾಗುತ್ತದೆ. ಜಿಮ್ಮಿಗೆ ಒಳ್ಳೆಯದು.

ಆಲ್ಬಂನಲ್ಲಿ ಸಿಗದೇ ಇರುವುದು

ನಮ್ಮ ಮೂರು ಜಿಲ್ಲೆಗಳ ನೆಲದ ಸಂಗೀತ ಯಾವ ಆಲ್ಬಂನಲ್ಲಿ ಚೆನ್ನಾಗಿದೆ ಅಂತ ಕೇಳುವವರಿಗೆ ನನ್ನ ಉತ್ತರ: ಆಲ್ಬಂ ಬಿಡಿ, ಹೋಗಿ ಕೇಳಿ.

ತಮಟೆಯನ್ನೇ ತೆಗೆದುಕೊಳ್ಳಿ. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಮೇಲೆ ತಮಟೆ ಅಂತ ಹುಡುಕುವವರು ನಮ್ಮ ಗುಂಪಿನಲ್ಲೂ ಹೆಚ್ಚಾದರು. ಸಿಗುವುದು ಮೊಬೈಲ್‌ನಲ್ಲಿ ಹಿಡಿದ ವಿಡಿಯೋಗಳು. ಬೆಂಕಿಯಲ್ಲಿ ಕಾಯಿಸಿ ಬಿಗಿ ಮಾಡಿದ ಚರ್ಮದ ಮೇಲೆ ಕಡ್ಡಿ ಬಿದ್ದಾಗ ಬರುವ ಪೆಟ್ಟು ಫೋನಿನ ಮೈಕಿಗೆ ತಡೆಯಲು ಆಗುವುದಿಲ್ಲ. ತುದಿ ಕತ್ತರಿಸಿ, ಚಪ್ಪಟೆ ಮಾಡಿ, ತಗಡು ಬಡಿದ ಸದ್ದು ಮಾಡಿಬಿಡುತ್ತದೆ. ಎದುರಿಗೆ ನಿಂತಾಗ ಆ ಪೆಟ್ಟು ಹೊಟ್ಟೆಗೆ ತಾಗುತ್ತದೆ. ಊರ ಜಾತ್ರೆಯಲ್ಲಿ ಹತ್ತಡಿ ದೂರ ನಿಂತು ಕೇಳಿದವರಿಗೆ ಈ ವಿಡಿಯೋಗಳು ಯಾಕೆ ಬೇಡ ಅಂತ ಹೇಳಬೇಕಿಲ್ಲ.

ಕೋಲಾರದವರಿಗೆ ತೇರಹಳ್ಳಿ ಬೆಟ್ಟ ಇದೆ. ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ 'ಆದಿಮ' ಸಾಂಸ್ಕೃತಿಕ ಕೇಂದ್ರ ಅಲ್ಲಿ 'ಹುಣ್ಣಿಮೆ ಹಾಡು' ಅಂತ ನಡೆಸಿಕೊಂಡು ಬಂದಿದೆ. ಬೆಳದಿಂಗಳಲ್ಲಿ ಹಾಡು, ನಾಟಕ. ಹೋಗುವ ಮುಂಚೆ ಈ ತಿಂಗಳು ಇದೆಯಾ ಅಂತ ವಿಚಾರಿಸಿಕೊಳ್ಳಿ, ಸ್ವೆಟರ್ ಇಟ್ಟುಕೊಳ್ಳಿ. ಚಿಂತಾಮಣಿ ಕಡೆಯವರಿಗೆ ಕೈವಾರ. ಅಲ್ಲಿನ ಸಂತ ಕೈವಾರ ತಾತಯ್ಯನವರ ಪದಗಳು ತೆಲುಗಿನಲ್ಲೂ ಕನ್ನಡದಲ್ಲೂ ಇವೆ. ಗುರುಪೂರ್ಣಿಮೆಯ ಹೊತ್ತಿಗೆ ಅಲ್ಲಿ ದೊಡ್ಡ ಸಂಗೀತೋತ್ಸವ ನಡೆಯುತ್ತದೆ. ಅದೇ ಪದಗಳ ರೆಕಾರ್ಡಿಂಗ್‌ಗಳೂ ಸಿಗುತ್ತವೆ, ಆದರೆ ಕೆಲವು ಕಡೆ ಕೀಬೋರ್ಡ್ ಹಾಕಿ ಸಿನಿಮಾ ಹಾಡಿನ ಹಾಗೆ ಮಾಡಿರುತ್ತಾರೆ. ತಂಬೂರಿ, ತಾಳ ಇದ್ದದ್ದನ್ನೇ ಆರಿಸಿ.

ಯಾವುದರಲ್ಲಿ ಕೇಳುವುದು

ಇಲ್ಲಿ ನಾನು ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಫೋನಿನಲ್ಲಿ ಎಲ್ಲವೂ ಸಿಗುತ್ತದೆ, ಅದೇ ಅದರ ಕಷ್ಟ ಕೂಡ. ಎರಡು ಕೆಲಸ ಮಾಡಿ: ಹಾಡುಗಳ ಕ್ರಮ ಕಲಸುವ ಶಫಲ್ ಆಫ್ ಮಾಡಿ, ಮತ್ತು ಪ್ರಯಾಣಕ್ಕೆ ಮುಂಚೆ ಮನೆಯ ವೈಫೈಯಲ್ಲೇ ಆಲ್ಬಂ ಇಳಿಸಿಕೊಳ್ಳಿ. ದಾರಿಯಲ್ಲಿ ಸಿಗ್ನಲ್ ಹೋದಾಗ ರಾಗದ ನಡುವೆ ಚಕ್ರ ತಿರುಗುವುದು ನೋಡಬೇಕಿಲ್ಲ. ಉಚಿತವಾಗಿ ಕೇಳುವವರಿಗೆ ನಡುವೆ ಜಾಹೀರಾತು ಬರುತ್ತದೆ. ಆಹಿರ್ ಭೈರವ್ ಮುಗಿದ ಕೂಡಲೇ ಸೋಪಿನ ಜಾಹೀರಾತು ಕೇಳಿಸಿಕೊಳ್ಳುವ ತಾಳ್ಮೆ ಇದ್ದರೆ ದುಡ್ಡು ಉಳಿಯುತ್ತದೆ.

ಕಾರಿನವರು ಪೆನ್‌ಡ್ರೈವ್ ಬಳಸುತ್ತಾರೆ. ಅಲ್ಲೊಂದು ಸಣ್ಣ ವಿಷಯ ಇದೆ. ಎಷ್ಟೋ ಕಾರುಗಳ ಸ್ಟೀರಿಯೋ ಫೈಲಿನ ಹೆಸರು ನೋಡಿ ಅಕ್ಷರದ ಕ್ರಮದಲ್ಲಿ ಹಾಡು ಹಾಕುತ್ತದೆ, ಆಲ್ಬಂನ ಕ್ರಮದಲ್ಲಲ್ಲ. ಹೆಸರಿನ ಮುಂದೆ 01, 02 ಅಂತ ಹಾಕಿ ಹಾಡು ತುಂಬಿಸಿ. ಇಲ್ಲವಾದರೆ ಕುರಿ ಕಾಯುವವನ ಸಂಜೆ ಮೊದಲು ಬಂದು ಬೆಳಗು ಆಮೇಲೆ ಬರುತ್ತದೆ.

ಹಳೆಯ ಕ್ಯಾಸೆಟ್ ಮನೆಯಲ್ಲಿದ್ದು ಪ್ಲೇಯರ್ ಕೂಡ ನಡೆಯುತ್ತಿದ್ದರೆ ಇಟ್ಟುಕೊಳ್ಳಿ. ಈಗ ಎಲ್ಲೂ ಸಿಗದ ಭಾವಗೀತೆಗಳು ಅದರಲ್ಲೇ ಉಳಿದಿರಬಹುದು. ಹೊಸದಾಗಿ ಕ್ಯಾಸೆಟ್ ಕೊಳ್ಳುವುದು ನನಗೇನೋ ಸರಿ ಕಾಣುವುದಿಲ್ಲ. ಸಿಡಿ ಚೆನ್ನ, 74ರಿಂದ 80 ನಿಮಿಷದವರೆಗೆ ಹಿಡಿಯುತ್ತದೆ, ತಟ್ಟೆ ತಿರುಗಿಸುವ ಕೆಲಸ ಇಲ್ಲ. ಎಲ್‌ಪಿಗೆ ಪ್ಲೇಯರ್, ಸೂಜಿ, ಸ್ಪೀಕರ್ ಅಂತ ಖರ್ಚು ಬೆಳೆಯುತ್ತಲೇ ಹೋಗುತ್ತದೆ. ದೂಳಿನ ರಸ್ತೆ ಪಕ್ಕದ ಮನೆಯವರು ಇನ್ನೂ ಯೋಚಿಸಿ.

ಇನ್ನೊಬ್ಬರಿಗೆ ಹೇಳುವುದು ಹೇಗೆ

ನಲವತ್ತು ಹಾಡಿನ ಪಟ್ಟಿ ಕಳಿಸಿದರೆ ಯಾರೂ ಕೇಳುವುದಿಲ್ಲ. ಒಂದೇ ಆಲ್ಬಂ ಹೇಳಿ. ಅದರಲ್ಲಿ ಮೊದಲು ಯಾವ ಹಾಡು, ಎಷ್ಟು ನಿಮಿಷ ಬೇಕು, ಯಾವ ಹೊತ್ತಿಗೆ ಅಂತ ಎರಡು ಸಾಲು ಬರೆಯಿರಿ. ಎಷ್ಟು ಪ್ರಶಸ್ತಿ ಬಂದಿದೆ ಅಂತ ಬರೆಯಬೇಡಿ, ಅದರಿಂದ ಯಾರ ಕಿವಿಯೂ ತೆರೆಯುವುದಿಲ್ಲ. ಕಳಿಸಿದ ಮೇಲೆ "ಕೇಳಿದ್ರಾ, ಕೇಳಿದ್ರಾ" ಅಂತ ಬೆನ್ನು ಬೀಳಬೇಡಿ.

ನಮ್ಮ ಗುಂಪಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಕರ್ನಾಟಕ ಸಂಗೀತ ಬಿಟ್ಟು ಬೇರೆ ಕೇಳಿದವರಲ್ಲ. ಅವರಿಗೆ ನಾನು ಬರೆದದ್ದು ಇಷ್ಟೇ: "ಮೇಷ್ಟ್ರೇ, ಕೈಂಡ್ ಆಫ್ ಬ್ಲೂ ಅಂತ ಒಂದಿದೆ. ಮುಕ್ಕಾಲು ಗಂಟೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಹಾಕಿ, ಫೋನಿನ ಸ್ಪೀಕರಿನಲ್ಲಿ ಬೇಡ. ಮೊದಲ ತುಣುಕು ಆಲಾಪನೆ ಥರ ಶುರುವಾಗುತ್ತೆ, ಸ್ವಲ್ಪ ತಡ್ಕೊಳ್ಳಿ."

ಕೆಲವು ದಿನ ಉತ್ತರ ಇಲ್ಲ. ಆಮೇಲೆ ಬಂತು: "ಚೆನ್ನಾಗಿದೆಯಪ್ಪ. ತುತ್ತೂರಿಯವರು ಅವಸರ ಮಾಡಲ್ಲ, ಒಂದೊಂದು ಸ್ವರಕ್ಕೂ ಜಾಗ ಬಿಡ್ತಾರೆ. ಆದರೆ ಮೃದಂಗ ಇಲ್ಲದೆ ಊಟಕ್ಕೆ ಉಪ್ಪಿಲ್ಲ."

ಶಕ್ತಿಯ ಮೊದಲ ಆಲ್ಬಂ ಕಳಿಸಿದ್ದೇನೆ. ಅದರಲ್ಲಿ ಮೃದಂಗವೂ ಇದೆ, ಘಟವೂ ಇದೆ.